ಅಭಿಜೀತನ ಮನೆ

“ಒಲಿ ಎಂಥಾದು?” ಎಂದಳು ನೀಲಾಂಬಿಕಾ.

“ಕಬ್ಬಿಣದ್ದು,” ಎಂದುಬಿಟ್ಟ ತಮ್ಮಣ್ಣ.

ಅಂದ ಮೇಲೆ ತಿಳಿಯಿತು, ಇನ್ನು ಹಿಂದೆ ಸರಿಯುವ ಹಾಗಿಲ್ಲವೆಂದು. ಕೆನಡಾದಿಂದ ನಿನ್ನೆ ಅಬುಧಾಬಿಗೆ ಬಂದಿಳಿದವನು ನಿದ್ದೆಯ ನೆಪದಲ್ಲಿ ಮುಸುಕೆಳೆದುಕೊಂಡು, ಮಗನ ಮನೆಯ ಬಗ್ಗೆ ಹೆಂಡತಿ ಕೇಳುವ ಪ್ರಶ್ನೆಗಳಿಂದ ಪಾರಾಗಿದ್ದ. ಇವತ್ತು ಶುಕ್ರವಾರ, ಆಫೀಸಿಲ್ಲ. ಖಲೀಫಾ ಸಿಟಿಯ ವಿಲ್ಲಾದ ಹಿಂಭಾಗದ ಈ ಎರಡು ಕೋಣೆಗಳಲ್ಲಿ ಅಡಗಿಕೊಳ್ಳಲು ಇರುವುದು ಬಚ್ಚಲೊಂದೇ. ಅಲ್ಲಿಗೂ ಹೋಗಿ ಬಂದಾಗಿತ್ತು.

“ಕಟಗಿ ಹಾಕತಾನೇನು?”

“ಹ್ಞೂ. ಅಲ್ಲಿ ಕಟಗಿಗೇನು ಬರ? ಸುತ್ತೆಲ್ಲ ಅಡವಿನ.”

ಅವಳ ಮುಖ ಅರಳಿತು. ಮಗನನ್ನು ಕಂಡು ಐದು ವರ್ಷವಾಗಿತ್ತು. ಇಬ್ಬರಿಗೂ ವೀಸಾ ಕೇಳಿದ್ದರು, ಒಬ್ಬರಿಗೆ ಸಿಕ್ಕಿತು. ಹೊರಡುವ ದಿನ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತ, “ನೀವು ನೋಡ್ಕೊಂಡ ಬರ್ರಿ. ನಾ ನಿಮ್ಮ ಬಾಯಿಲೆ ನೋಡ್ತೀನಿ,” ಎಂದಿದ್ದಳು. ಅಳಲಿಲ್ಲ. ಅತ್ತಿದ್ದರೆ ಇವತ್ತು ಸುಳ್ಳು ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಗನ ಮನೆಯನ್ನು ಅವನು ನೋಡಿಯೇ ಇರಲಿಲ್ಲ.

ವಿಮಾನ ನಿಲ್ದಾಣಕ್ಕೆ ಅಭಿಜೀತ ಬಂದಿದ್ದ. ಕಾಲು ಮುಟ್ಟಿದ. ಅರ್ಧ ದಿನ ಕಾರು ಓಡಿಸಿ, ಉತ್ತರದ ಸರೋವರವೊಂದರ ದಂಡೆಯ ಮೋಟೆಲಿನ ಮುಂದೆ ನಿಲ್ಲಿಸಿ, “ಯು ವಿಲ್ ಬಿ ಕಂಫರ್ಟಬಲ್ ಹಿಯರ್, ಅಪ್ಪಾ,” ಎಂದ. ರೊಟ್ಟಿಯ ಗಂಟನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಹೋದ.

ದಿನಾ ಬೆಳಿಗ್ಗೆ ತಪ್ಪದೆ ಬಂದು ಕರೆದೊಯ್ಯುತ್ತಿದ್ದ. ಒಂದು ಕೆರೆ, ಅದರಾಚೆ ಇನ್ನೊಂದು ಕೆರೆ. ಮುಚ್ಚಿಹೋದ ನಿಕ್ಕಲ್ ಗಣಿಯ ಉಕ್ಕಿನ ಗೋಪುರ. ಕಡಿದ ಮರಗಳನ್ನು ತೇಲಿಬಿಡುತ್ತಿದ್ದ ಹೊಳೆ. ಯಾವ ವರ್ಷ ಗಣಿ ತೋಡಿದರು, ಯಾವಾಗ ಮುಚ್ಚಿದರು, ಎಲ್ಲವನ್ನೂ ಹುಡುಗ ಅಚ್ಚುಕಟ್ಟಾಗಿ ಹೇಳಿದ. ತಮ್ಮಣ್ಣ ಪ್ರವಾಸಿಯ ಹಾಗೆ ತಲೆಯಾಡಿಸಿದ. ಮಗನ ಊರಲ್ಲಿ ತಾನು ದುಡ್ಡು ಕೊಟ್ಟು ಬಂದ ಗಿರಾಕಿ ಅನ್ನಿಸಿತು.

ಒಮ್ಮೆ ಕೇಳಿದ್ದ. “ನಿನ್ನ ಮನಿ ತೋರಸೋ.”

“ಇಟ್ಸ್ ನಥಿಂಗ್, ಅಪ್ಪಾ. ಜಸ್ಟ್ ಎ ಪ್ಲೇಸ್.” ಆಮೇಲೆ ಅದೇ ಉಸಿರಿನಲ್ಲಿ, “ಲಾಗಿಂಗ್ ಮ್ಯೂಸಿಯಂ ನೋಡೋಣ?”

ಎರಡನೆಯ ಸಲ ಕೇಳಲು ನಾಲಿಗೆ ಏಳಲಿಲ್ಲ. ಮರ್ಯಾದೆಯೇನೂ ಅಡ್ಡ ಬಂದಿರಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತೆಂಬ ಹೆದರಿಕೆ. ನಾಡಿಗೇ ನೀರಿನ ಪೈಪು ಎಳೆಯುವ ಇಂಜಿನಿಯರು, ಹೆತ್ತ ಮಗನ ಊರು ಮುಟ್ಟಿಯೂ ನಿನ್ನ ಮನೆಗೆ ಬರಲೇ ಎಂದು ಇನ್ನೊಮ್ಮೆ ಕೇಳಲಾರದೆ ಹೋದ. ಥೂ.

ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಲದ ಮರ ಕಡಿಯುವವರ ಗುಡಿಸಲೊಂದನ್ನು ಇದ್ದ ಹಾಗೇ ಕಾಪಾಡಿದ್ದರು. ನಡುವೆ ಕಬ್ಬಿಣದ ಒಲೆ, ಗೋಡೆಗಂಟಿದ ಹಲಗೆಯ ಮಂಚಗಳು. ಈಗ ಅವನು ಹೆಂಡತಿಯನ್ನು ಕೂರಿಸಿಕೊಂಡು ತೋರಿಸುತ್ತಿದ್ದುದು ಅದನ್ನೇ.

“ಅರಿವಿ ಎಲ್ಲಿ ಒಣಗಿಸತಾನ? ಅಲ್ಲಿ ಬಿಸಲ ಇಲ್ಲಂತ.”

“ಒಲಿ ಮ್ಯಾಲ ಹಗ್ಗ ಕಟ್ಟ್ಯಾನ. ಕಾಲಚೀಲ ಎಲ್ಲಾ ಅಲ್ಲೇ ಜೋತಾಡತಾವ.”

“ಹುಚ್ಚಪ್ಪ,” ಎಂದು ನಕ್ಕಳು. “ದೇವರ ಜಗಲಿ?”

“ಒಂದು ಗೂಡು ಐತಿ.”

“ಬಸವಣ್ಣನ ಫೋಟೋ?”

“ಐತಿ.”

ಸುಳ್ಳು ಸರಾಗವಾಗಿ ಬರುತ್ತಿತ್ತು. ಆ ಮನೆ ಅವನಿಗೂ ಇಷ್ಟವಾಗತೊಡಗಿತ್ತು. ಒಲೆಯ ಪಕ್ಕ ಕೂತು ಮಗನ ಜೊತೆ ಚಹಾ ಕುಡಿದದ್ದನ್ನೂ ಹೇಳಿಬಿಡುವವನಿದ್ದ. ಅಷ್ಟರಲ್ಲಿ ಅವಳೆಂದಳು:

“ನಿಮ್ಮ ಕ್ಯಾಮೆರಾದ ರೀಲ್ ತೊಳಿಲಿಕ್ಕೆ ಕೊಟ್ಟೀನಿ. ನೀವು ಮಲಗಿದ್ದಾಗ ಬಾಜೂ ಮನಿ ಹಲೀಮಾನ ಗಂಡ ಪ್ಯಾಟಿಗೆ ಹೊಂಟಿದ್ದ, ಅವನ ಕೈಯಾಗ ಕಳಿಸಿದೆ. ಸಂಜಿಗೆ ಹೋಗಿ ತರೂಣು.”

“ನಾ ಒಬ್ಬನ ತರತೀನಿ ಬಿಡು.”

“ಯಾಕ? ನಾನೂ ಬರತೀನಿ.”

ದಾರಿಯುದ್ದಕ್ಕೂ ಅವಳು ಕಿಟಕಿಯಾಚೆಯ ಮರಳನ್ನು ನೋಡುತ್ತಿದ್ದಳು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳು ಕಾರಿನಲ್ಲಿ ಕೂತು ಹೊರಟಿತ್ತು. ಸ್ಟುಡಿಯೋ ಮುಟ್ಟುವ ಮೊದಲು ಹೇಳಿಬಿಡಬೇಕು ಎಂದುಕೊಂಡ ತಮ್ಮಣ್ಣ. ಸಿಗ್ನಲ್ಲುಗಳು ಒಂದೊಂದೇ ಹಿಂದಾದವು.

ಸ್ಟುಡಿಯೋದ ಉಮ್ಮರಬ್ಬ ಮಂಗಳೂರು ಕಡೆಯವನು. “ಬನ್ನಿ ಸಾರ್. ಖಲಾಸ್, ರೆಡಿ ಉಂಟು,” ಎಂದು ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಹರಡಿದ. “ಬಾರೀ ಚಂದದ ಊರು ಮಾರಾಯ್ರೆ. ಬರೀ ನೀರು.”

ನೀಲಾಂಬಿಕಾ ಒಂದೊಂದನ್ನೇ ಎತ್ತಿಕೊಂಡಳು. ಕೆರೆ. ಕೆರೆ. ಗೋಪುರ. ಮರದ ದಿಮ್ಮಿಗಳ ರಾಶಿ. ಯಾರದೋ ಕೋಟು ತೊಟ್ಟು, ನೀರಿಗೆ ಬೆನ್ನು ಮಾಡಿ, ನಗು ಎಂದಿದ್ದಕ್ಕೆ ನಕ್ಕ ತಮ್ಮಣ್ಣ. ಮತ್ತೆ ಕೆರೆ.

“ಅಭೀ ಎಲ್ಲಿ?”

“ಫೋಟೋ ತಗದಾವ ಅವನ ಅಲ್ಲೇನು?”

“ಎಲ್ಲಾ ಅವನ ತಗದನೇನು?”

ಅವಳ ಬೆರಳುಗಳು ನಿಧಾನವಾದವು. ಆ ಬೆರಳುಗಳನ್ನು ನೋಡಲಾಗದೆ ಅವನು ಮುಖ ತಿರುಗಿಸಿದ. ಸಾಕು, ಇವಳಿಗೆ ಮೋಸ ಮಾಡಬಾರದು ಅನ್ನಿಸಿತು. “ನೀಲಾ, ಒಂದು ಮಾತು…”

“ಇಲ್ಲಿದಾನ,” ಎಂದಳು ಅವಳು.

ಕಬ್ಬಿಣದ ಒಲೆ. ಹಗ್ಗದ ಮೇಲೆ ಕಾಲಚೀಲ. ಹಿಂದೆ ಹಲಗೆಯ ಮಂಚದ ಮೇಲೆ, ಗೋಡೆಯ ಕಡೆ ಮುಖ ಮಾಡಿ, ಬೂದು ಕಂಬಳಿ ಹೊದ್ದು ಯಾರೋ ಮಲಗಿದ್ದರು.

“ಇವನ ಅಲ್ಲೇನ್ರಿ?” ಅವಳು ಫೋಟೋ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು.

ಅದು ಮ್ಯೂಸಿಯಮ್ಮಿನವರು ಮಲಗಿಸಿದ ಬೊಂಬೆ. ಅವತ್ತು ತಮ್ಮಣ್ಣ ಹಗ್ಗದ ಬೇಲಿಯ ಮೇಲಿಂದ ಬಾಗಿ ಅದರ ಆಚೆ ಬದಿಯನ್ನು ಇಣುಕಿದ್ದ. ಹೇಗೂ ಯಾರಿಗೂ ಕಾಣುವುದಿಲ್ಲವೆಂದು ಅವರು ಮುಖವನ್ನೇ ಮಾಡಿರಲಿಲ್ಲ. ಹುಲ್ಲು ತುಂಬಿದ ಗೋಣಿಚೀಲ, ಮೇಲೊಂದು ಸುತ್ತು ಹುರಿ, ಅಷ್ಟೇ. “ಡೋಂಟ್ ಟಚ್, ಅಪ್ಪಾ,” ಎಂದಿದ್ದ ಹಿಂದೆ ನಿಂತ ಅಭಿಜೀತ.

“ಹ್ಞೂ,” ಎಂದ ತಮ್ಮಣ್ಣ. “ಅವನ.”

“ಒಂದು ಚೂರು ತಡದಿದ್ರ ಈ ಕಡೆ ಹೊಳ್ಳತಿದ್ದ. ನಿಮ್ಮದು ಯಾವಾಗಲೂ ಗಡಬಡಿ.” ಅವಳು ಉಳಿದ ಫೋಟೋಗಳನ್ನೆಲ್ಲ ಸರಿಸಿ ಅದೊಂದನ್ನೇ ಉಮ್ಮರಬ್ಬನ ಮುಂದಿಟ್ಟಳು. “ಇದನ್ನ ದೊಡ್ಡದು ಮಾಡಿ ಕೊಡ್ರಿ. ಗೋಡೆಗೆ ಹಾಕಬೇಕು. ಆಳೆತ್ತರ ಆಗತದೇನು?”

ಉಮ್ಮರಬ್ಬ ಫೋಟೋವನ್ನು ಟ್ಯೂಬ್‌ಲೈಟಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

“ಆಗ್ತದೆ ಅಮ್ಮ,” ಎಂದ. “ಬೆನ್ನು ಒಳ್ಳೆ ಕ್ಲಿಯರ್ ಉಂಟು.”