ಮೂರನೆಯ ಬ್ಯಾಂಡಿನ ಉಸಿರು

"ಮೂರನೇಯವ್ರು ಕೂತ್ರು, ವಿನಿ," ಎಂದು ಕಪ್ಪು ಬಟ್ಟೆಯ ಆಚೆಯಿಂದ ಕಾವಲಿನ ಲೆನ್ ಪಿಸುಗುಟ್ಟಿದ.

ವಿನಿಫ್ರೆಡ್ ಹೋಲ್ರಾಯ್ಡ್ ಫ್ಲಾಸ್ಕಿನ ಮುಚ್ಚಳದಲ್ಲಿ ಉಳಿದಿದ್ದ ಚಹಾ ಗುಟುಕರಿಸಿ ಸೀಟಿ ಊದಿದಳು. ಅವಳ ಸೀಟಿ ಕೇಳಿದ ಮೇಲೆಯೇ ವೇದಿಕೆಯ ಮಕ್ಕಳು ವಾದ್ಯಗಳನ್ನು ಬಾಯಿಗೆ ಇಡಬೇಕು. ಅವರಿಗೆ ಅವಳು ಕಾಣಿಸುವುದಿಲ್ಲ, ಅವಳಿಗೆ ಅವರು ಕಾಣಿಸುವುದಿಲ್ಲ. ಪುರಭವನದ ನಟ್ಟನಡುವೆ, ಪ್ರೇಕ್ಷಕರ ಕುರ್ಚಿಗಳ ಮಧ್ಯೆ, ಮರದ ಚೌಕಟ್ಟಿಗೆ ಸುತ್ತಲೂ ಬಟ್ಟೆ ಬಿಗಿದ ಪೆಟ್ಟಿಗೆಯೊಳಗೆ ತೀರ್ಪುಗಾರರನ್ನು ಕೂರಿಸುವುದು ಯಾರ್ಕ್‌ಷೈರಿನ ಹಿತ್ತಾಳೆ ಬ್ಯಾಂಡಿನವರ ಹಳೆಯ ಪದ್ಧತಿ. ಯಾರ ಬ್ಯಾಂಡು, ಯಾರ ಮಕ್ಕಳು ಎಂದು ತಿಳಿಯಬಾರದು. ಕಿವಿಗೆ ಬಿದ್ದದ್ದಕ್ಕಷ್ಟೇ ಅಂಕ. ಶೌಚಕ್ಕೆ ಹೋಗಬೇಕೆಂದರೂ ಲೆನ್ ಬಾಗಿಲವರೆಗೆ ಕಾವಲಿಗೆ ಬರುತ್ತಾನೆ. "ಜೈಲಿನೋರಿಗೂ ಇದಕ್ಕಿಂತ ಮರ್ಯಾದೆ ಇರುತ್ತೆ ಕಣೋ," ಎಂದು ಬೆಳಿಗ್ಗೆ ಅವಳು ಗೊಣಗಿದ್ದಳು. "ಜೈಲಲ್ಲಿ ಬಿಸ್ಕತ್ತು ಕೊಡಲ್ಲ," ಎಂದು ಅವನು ಬಟ್ಟೆಯ ಸಂದಿಯಲ್ಲಿ ಪೊಟ್ಟಣವೊಂದನ್ನು ತೂರಿಸಿದ್ದ.

ಎಲ್ಲ ಬ್ಯಾಂಡುಗಳೂ ನುಡಿಸಬೇಕಾದದ್ದು ಒಂದೇ ಕೃತಿ. ಮೊದಲು ಒಂದು ನಿಧಾನದ ರಾಗ. ಅದರಲ್ಲಿ ಕಾರ್ನೆಟ್ ಎಂಬ ಪುಟ್ಟ ತುತ್ತೂರಿ ಹಿಡಿದ ಮಗು ಒಂಟಿಯಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ಸ್ವರಕ್ಕೆ ಏರಬೇಕು. ಮೊದಲಿನ ಎರಡು ಬ್ಯಾಂಡುಗಳ ಮಕ್ಕಳು ಪಾಪ, ಎದ್ದು ಬಿದ್ದು ಏರಿದ್ದರು. ಈ ಮೂರನೆಯದು ಬೇರೆ. ಮೊದಲ ಸ್ವರದಲ್ಲೇ ವಿನಿಫ್ರೆಡ್ ಪೆನ್ಸಿಲ್ ಕೆಳಗಿಟ್ಟಳು. ಸ್ವರ ಏರಿತು, ಏರಿತು. ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಮಗು ನಿಂತು ಪುಟ್ಟದೊಂದು ಉಸಿರು ತೆಗೆದುಕೊಂಡಿತು. ಆಮೇಲೆ ಮೇಲಿನ ಸ್ವರ, ಅಳು ತಡೆದುಕೊಂಡು ಮಾತಾಡುವವರ ದನಿಯಂತೆ, ಮೆಲ್ಲಗೆ ಬಂತು.

ವಿನಿಫ್ರೆಡ್ ನೆಟ್ಟಗೆ ಕುಳಿತಳು. ಅಲ್ಲಿ ಉಸಿರು ತೆಗೆಯಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬುದ್ಧಿ ಇರುವ ಯಾರೂ ಅಲ್ಲಿ ತೆಗೆಯುವುದೂ ಇಲ್ಲ. ಸಾಲು ಮುಗಿದ ಮೇಲೆ ತೆಗೆಯುತ್ತಾರೆ. ತುದಿಗೆ ಮುಂಚಿನ ಆ ಉಸಿರು ಅವಳದು. ಹೆಬಲ್‌ತೋರ್ಪ್ ಊರಿನ ಮಕ್ಕಳ ಬ್ಯಾಂಡಿಗೆ ಆಯುಷ್ಯದ ಅರ್ಧವನ್ನು ಸುರಿದು ಅವಳು ಕಲಿಸಿದ್ದು. ಅದು ಸರಿಯಾಗಿ ಹತ್ತಿದ್ದು ಒಬ್ಬನಿಗೇ, ಗ್ಯಾರೆತ್‌ಗೆ.

ಆ ಗ್ಯಾರೆತ್ ಈಗ ಅವಳ ಜಾಗದಲ್ಲಿ ನಿಂತಿದ್ದಾನೆ. ಎರಡು ವರ್ಷದ ಹಿಂದೆ ಸಮಿತಿಯವರು "ಮಕ್ಕಳಿಗೆ ಹೊಸ ಮುಖ ಬೇಕು" ಎಂದು ಅವಳಿಗೊಂದು ಹೂವಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರು. ಹೊಸ ಮುಖ ಗ್ಯಾರೆತ್‌ನದು ಎಂದು ಅವಳಿಗೆ ತಿಳಿದದ್ದು ಮೀನಂಗಡಿಯ ಸರದಿ ಸಾಲಿನಲ್ಲಿ. ಮಗನಂತೆ ಬೆಳೆಸಿದ ಹುಡುಗ ಒಂದು ಫೋನ್ ಕೂಡ ಮಾಡಲಿಲ್ಲ. ಆ ಹೊಟ್ಟೆಯುರಿ ಅವಳಲ್ಲಿ ಇನ್ನೂ ಆರಿರಲಿಲ್ಲ.

ಓಹೋ, ಎಂದುಕೊಂಡಳು. ನನ್ನನ್ನು ಹೊರಗೆ ಹಾಕಿ, ನನ್ನ ಉಸಿರನ್ನು ಮಾತ್ರ ಇಟ್ಟುಕೊಂಡಿದ್ದಾನೆ.

ಬ್ಯಾಂಡು ಮುಗಿಸಿದಾಗ ಹಾಳೆಯ ಮೇಲೆ ಅವಳ ಕೈ ತಾನಾಗಿ ದೊಡ್ಡ ಅಂಕವೊಂದನ್ನು ಬರೆದಿತ್ತು. ಅವಳು ಅದನ್ನೇ ನೋಡುತ್ತಾ ಕುಳಿತಳು. ನಡುವೆ ಯುಫೋನಿಯಂ ಎಂಬ ಆ ದಪ್ಪ ವಾದ್ಯ ಒಂದು ಕಡೆ ಗೊರಗೊರ ಎಂದಿತ್ತು. ಹತ್ತು ವರ್ಷದ ಮಗುವಿನ ಬಾಯಲ್ಲಿ ಅದು ಗೊರಗೊರ ಎನ್ನದೆ ಇನ್ನೇನು ಮಾಡೀತು? ಬೇರೆ ಯಾರೇ ಆಗಿದ್ದರೂ ಅವಳು ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಆದರೆ ಈಗ ಕೇಳಿಸಿಕೊಂಡಳು. ಬರೆದ ಅಂಕವನ್ನು ಉಜ್ಜಿ, ಎರಡು ಕಡಿಮೆ ಮಾಡಿ ಬರೆದಳು. ಬರೆದ ಮೇಲೆ ಒಂದು ಬಿಸ್ಕತ್ತು ತಿಂದಳು. ಅದು ರುಚಿಸಲಿಲ್ಲ.

ಕೊನೆಗೆ ನುಡಿಸಿದ ಬ್ಯಾಂಡು ಅಚ್ಚುಕಟ್ಟಾಗಿತ್ತು. ಎಲ್ಲಿ ಉಸಿರಾಡಬೇಕೋ ಅಲ್ಲಿ ಉಸಿರಾಡಿತು. ಎಲ್ಲಿಯೂ ಎಡವಲಿಲ್ಲ, ಎಲ್ಲಿಯೂ ಕಣ್ಣು ಒದ್ದೆ ಮಾಡಲಿಲ್ಲ. ಯಾರೋ ಗುರುತಿಲ್ಲದ ಪ್ರಾಮಾಣಿಕರು, ಇವರಿಗೆ ಹೋಗಲಿ ಎಂದು ವಿನಿಫ್ರೆಡ್ ಮೂರನೆಯವರಿಗಿಂತ ಒಂದು ಅಂಕ ಹೆಚ್ಚು ಕೊಟ್ಟಳು. ಗೆದ್ದವರು ಬೇಸಿಗೆಯಲ್ಲಿ ಲಂಡನ್ನಿಗೆ ಹೋಗಿ ದೇಶದ ಎಲ್ಲರೆದುರು ನುಡಿಸುತ್ತಾರೆ.

ಸಂಜೆ ಅವಳನ್ನು ಪೆಟ್ಟಿಗೆಯಿಂದ ಬಿಡಿಸಿ ವೇದಿಕೆಯ ಮೇಲೆ ನಿಲ್ಲಿಸಿದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮಕ್ಕಳನ್ನು ಹೊಗಳಿ ನಾಲ್ಕು ಮಾತಾಡಿದಳು. ಆಮೇಲೆ ಕಾರ್ಯದರ್ಶಿ ಮೊಹರು ಮಾಡಿದ ಲಕೋಟೆ ಒಡೆದು, ಅವಳ ಅಂಕಗಳಿಗೆ ಊರಿನ ಹೆಸರು ಜೋಡಿಸುತ್ತಾ ಕೆಳಗಿನಿಂದ ಓದಿದ.

"ಎರಡನೇ ಸ್ಥಾನ, ಮೂರನೆಯದಾಗಿ ನುಡಿಸಿದ ಬ್ಯಾಂಡು. ಸ್ಕಾರ್‌ವುಡ್!"

ಬಾಲ್ಕನಿಯಲ್ಲಿ ಚೀರಾಟ ಎದ್ದಿತು. ವಿನಿಫ್ರೆಡ್‌ಗೆ ಅರ್ಥವಾಗಲಿಲ್ಲ. ಸ್ಕಾರ್‌ವುಡ್ಡೇ? ಆ ಊರಿನಲ್ಲಿ ಅವಳಿಗೆ ಪರಿಚಯದ ನಾಯಿಯೂ ಇರಲಿಲ್ಲ.

"ಮೊದಲ ಸ್ಥಾನ, ಕೊನೆಯದಾಗಿ ನುಡಿಸಿದ ಬ್ಯಾಂಡು. ಹೆಬಲ್‌ತೋರ್ಪ್!"

ಗ್ಯಾರೆತ್ ಎರಡೆರಡು ಮೆಟ್ಟಿಲು ಹಾರಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಮಿಸ್, ನೀವೇ ಒಳಗಿರೋದು ಅಂತ ಗೊತ್ತಾದಾಗ ಕೈಕಾಲು ತಣ್ಣಗಾಗೋಯ್ತು. ನಿಮ್ಮ ಉಸಿರು ನಾನು ಬಿಟ್ಬಿಟ್ಟಿದೀನಿ ಮಿಸ್. ಈಗಿನ ತೀರ್ಪುಗಾರರಿಗೆ ಅದು ಹಿಡಿಸಲ್ಲ, ಅಂಕ ಹೋಗುತ್ತೆ ಅಂತ. ಬೈಬೇಡಿ."

"ಬೈಯಲ್ಲ ಬಿಡು," ಎಂದಳು ವಿನಿಫ್ರೆಡ್. ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

ಕೆಳಗೆ ಇಳಿದಾಗ ದುಂಡು ಮುಖದ ಹೆಂಗಸೊಬ್ಬಳು ಕಾದಿದ್ದಳು. ಮೂವತ್ತೈದರ ಆಸುಪಾಸು, ಕೋಟಿಗೆ ಸ್ಕಾರ್‌ವುಡ್ ಬ್ಯಾಂಡಿನ ಬಿಲ್ಲೆ ಚುಚ್ಚಿಕೊಂಡಿದ್ದಳು. "ಮಿಸ್, ನನ್ ಗುರುತು ನಿಮಗೆ ಸಿಗಲ್ಲ. ಬೆವರ್ಲಿ. ನಿಮ್ಮ ಹೆಬಲ್‌ತೋರ್ಪ್ ಬ್ಯಾಂಡಲ್ಲಿ ಹಿಂದಿನ ಸಾಲು, ಗೋಡೆ ಕಡೆ."

ವಿನಿಫ್ರೆಡ್ ನೆನಪನ್ನು ಕೆದಕಿದಳು. ಏನೂ ಸಿಗಲಿಲ್ಲ. "ಆ ಉಸಿರು ನಾನು ನಿಂಗೆ ಹೇಳ್ಕೊಟ್ಟಿದ್ನಾ?"

"ಎಲ್ಲಿ ಮಿಸ್! ಗ್ಯಾರೆತ್‌ಗೆ ಹೇಳ್ಕೊಡ್ತಿದ್ರಿ. ನಾನು ಹಿಂದೆ ಕೂತು ಕೇಳಿಸ್ಕೊಳ್ತಿದ್ದೆ." ಬೆವರ್ಲಿ ನಾಚಿ ನಕ್ಕಳು. "ನಾವು ಯಾವತ್ತೂ ಕೊನೇಲಿ ಬರೋರು. ಇವತ್ತು ಎರಡನೇದು! ಬಸ್ಸಲ್ಲಿ ಮಕ್ಕಳು ಕುಣೀತಿದಾರೆ. ಒಂದಂಕ ಎಲ್ಲಿ ಹೋಯ್ತು ಅಂತ ಹೇಳಿದ್ರೆ ಮುಂದಿನ ಸಲ ತಿದ್ಕೋತೀವಿ."

ವಿನಿಫ್ರೆಡ್ ಬಾಯಿ ತೆರೆದಳು. ಯುಫೋನಿಯಂ ಎಂದರೆ ಮುಗಿದುಹೋಗುತ್ತಿತ್ತು. "ಒಂದ್ನಿಮಿಷ ಇರು" ಎಂದು ಹೇಳಿ, ಕುರ್ಚಿ ಜೋಡಿಸುತ್ತಿದ್ದ ಲೆನ್‌ನನ್ನು ಕಂಬದ ಹಿಂದಕ್ಕೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು.

ಲೆನ್ ಕುರ್ಚಿಯನ್ನು ಎದೆಗೆ ಅವುಚಿಕೊಂಡೇ ನಿಂತ. "ವೇದಿಕೆ ಮೇಲೆ ಓದಿದ ಮೇಲೆ ಬದಲಾಯಿಸೋ ಹಾಗಿಲ್ಲ ವಿನಿ. ನಿಯಮ. ಲಂಡನ್ನಿಗೆ ಹೋಗೋರು ಹೆಬಲ್‌ತೋರ್ಪಿನೋರೇ."

"ನಾನು ಬೇಕಂತ ಕಮ್ಮಿ ಕೊಟ್ಟೆ ಅಂದ್ರೂ?"

"ಅಂದ್ರೂ. ಹಾಗಂದ್ರೆ ಇನ್ಮೇಲೆ ಯಾವ ಊರಿನೋರೂ ನಿನ್ನನ್ನ ಆ ಪೆಟ್ಟಿಗೆಗೆ ಕರೆಯಲ್ಲ, ಅಷ್ಟೇ. ನಿಂಗೆ ಉಳಿದಿರೋದು ಅದೊಂದೇ." ಅವನು ದನಿ ತಗ್ಗಿಸಿದ. "ಆ ಹುಡುಗಿ ಸಂತೋಷವಾಗಿದಾಳೆ. ಮನೆಗೆ ಹೋಗೇ. ನಾನು ಕಿವುಡ, ಏನೂ ಕೇಳಿಸ್ಕೊಂಡಿಲ್ಲ."

ಅವನ ಮಾತು ಸುಳ್ಳಲ್ಲ. ಬ್ಯಾಂಡು ಹೋದ ಮೇಲೆ, ವರ್ಷಕ್ಕೆ ಕೆಲವು ಭಾನುವಾರ ಯಾವುದಾದರೊಂದು ಊರಿನ ಕಪ್ಪು ಬಟ್ಟೆಯೊಳಗೆ ಕುಳಿತು ಮಕ್ಕಳ ವಾದನ ಕೇಳುವುದಷ್ಟೇ ಅವಳ ಪಾಲಿಗೆ ಉಳಿದಿತ್ತು. ಅದನ್ನೂ ಕಳೆದುಕೊಂಡರೆ ಮನೆ, ಕೆಟಲು, ರೇಡಿಯೋ. ವಿನಿಫ್ರೆಡ್‌ಗೆ ನಿಜವಾಗಿಯೂ ಹೆದರಿಕೆಯಾಯಿತು. ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಳು. ಹೊರಗೆ ಬಸ್ಸಿನಿಂದ ಯಾರೋ ಕಾರ್ನೆಟ್ ಊದಿ ಬೈಸಿಕೊಂಡ ಸದ್ದು ಬಂತು.

ಅವಳು ಬೆವರ್ಲಿಯ ಹತ್ತಿರ ಹೋದಳು. "ನೀವು ಗೆದ್ದಿದ್ರಿ ಕಣಮ್ಮ," ಎಂದಳು. "ಮೊದ್ಲು ನಾನು ಹಾಗೇ ಬರೆದಿದ್ದೆ. ಆ ಉಸಿರು ಕೇಳಿ ಗ್ಯಾರೆತ್ ಅಂದ್ಕೊಂಡೆ. ಅವನ ಮೇಲಿನ ಸಿಟ್ಟಿಗೆ ಎರಡಂಕ ಕತ್ತರಿಸ್ಬಿಟ್ಟೆ. ಈಗ ಬದಲಾಯಿಸೋಕೂ ಆಗಲ್ವಂತೆ."

ಬೆವರ್ಲಿಯ ನಗು ಮುಖದ ಮೇಲೆ ಹಾಗೆಯೇ ಉಳಿದು, ಆಮೇಲೆ ನಿಧಾನವಾಗಿ ಇಳಿಯಿತು.

"ಸಿಟ್ಟು ಗ್ಯಾರೆತ್ ಮೇಲೆ," ಎಂದಳು. "ಊದಿದ್ದು ನಮ್ಮ ಸಫಾ. ಹನ್ನೊಂದು ವರ್ಷ ಅವಳಿಗೆ. ಆ ಉಸಿರು ಬರ್ಲಿ ಅಂತ ಇಡೀ ಚಳಿಗಾಲ ಅತ್ತಿದಾಳೆ ಮಿಸ್. ಬೇಡ ಬಿಡೇ, ಎಲ್ರ ಹಾಗೆ ಊದು ಅಂದೆ. ಕೇಳ್ಲಿಲ್ಲ."

"ತಪ್ಪಾಯ್ತು."

"ನಂಗೆ ಹೇಳಿದ್ರೆ ಏನು ಬಂತು? ಊದಿದ್ದು ನಾನಲ್ಲ." ಬೆವರ್ಲಿ ಮೂಗೊರೆಸಿಕೊಂಡು ಕೋಟಿನ ಗುಂಡಿ ಹಾಕಿಕೊಂಡಳು. "ಅವರಿಗೆ ಹೇಳಿ. ಬನ್ನಿ."

ಬಸ್ಸು ಪುರಭವನದ ಹಿಂದಿನ ಬೀದಿಯಲ್ಲಿ ನಿಂತಿತ್ತು. ಒಳಗೆ ಆಲೂ ಚಿಪ್ಸು, ವಿನೆಗರ್ ವಾಸನೆ. ಕಿಟಕಿಗಳ ಮೇಲೆಲ್ಲ ಹಬೆ. ವಿನಿಫ್ರೆಡ್ ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದೆಯೇ ಬಂದ ಬೆವರ್ಲಿ, "ಮಕ್ಕಳಾ, ಪೆಟ್ಟಿಗೆಯೊಳಗಿದ್ದೋರು ಇವರೇ. ನಿಮ್ಮ ಹತ್ರ ಮಾತಾಡ್ಬೇಕಂತೆ," ಎಂದಳು.

ಬಸ್ಸು ಗಪ್‌ಚುಪ್ ಆಯಿತು. ಮುಂದಿನ ಸೀಟಿನಲ್ಲಿ, ಕಾರ್ನೆಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಸಣಕಲು ಹುಡುಗಿಯೊಂದು ಅವಳನ್ನೇ ನೋಡಿತು. ಆಮೇಲೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು. ಅದನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನವರು. ನೋಡನೋಡುತ್ತಿದ್ದಂತೆ ಇಡೀ ಬಸ್ಸು ಎದ್ದು ನಿಂತು ತಟ್ಟುತ್ತಿತ್ತು.

ಕಂಬಿಯನ್ನು ಬಿಡದೆ, ಅದು ನಿಲ್ಲಲಿ ಎಂದು ವಿನಿಫ್ರೆಡ್ ಕಾದಳು.