ಒಬ್ಬ ಗಾದ್ರಪ್ಪ, ಏಳು ಬಂಧನ

“ಏಳು ಸಲ ಅರೆಸ್ಟ್ ಆದೋನಿಗೆ ಗೇಟ್ ಕಾಯೋ ಕೆಲ್ಸ ಯಾವ ಬೋಳಿಮಗ ಕೊಡ್ತಾನಲೇ?”

ಠಾಣೆಯ ರೈಟರ್ ಮಹಾಂತೇಶ ನನ್ನ ಗಂಡನ ಅರ್ಜಿಯನ್ನು ಮೇಜಿನಿಂದ ತಳ್ಳಿದ. ಅದು ನೆಲಕ್ಕೆ ಬಿತ್ತು. ಗಾದ್ರಪ್ಪ ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡ. ಅವನ ಬಲಗೈ ಈಗ ನೆಟ್ಟಗಾಗುವುದಿಲ್ಲ. ಆ ಕೈ ನೋಡಿ ಕೂಲಿಗೆ ಯಾರೂ ಕರೆಯುವುದಿಲ್ಲ. ದೊಡ್ಡಉಳ್ಳಾರ್ತಿ ಹುಲ್ಲುಗಾವಲಿನ ಕಡೆ ಹೊಸದಾಗಿ ಎದ್ದ ಕಟ್ಟಡವೊಂದರಲ್ಲಿ ಗೇಟ್ ಕಾಯುವವನು ಬೇಕು ಎಂದಿದ್ದರು. ಅವನಿಂದಾಗುವ ಕೆಲಸ ಅದೊಂದೇ. ಕೇಸಿಲ್ಲ ಎಂದು ಠಾಣೆಯಿಂದ ಬರೆಸಿಕೊಂಡು ಶನಿವಾರದೊಳಗೆ ಕೊಡಬೇಕಿತ್ತು.

ಏಳು ಸಲವೂ ಅವನು ಏನೂ ಮಾಡಿರಲಿಲ್ಲ. ತಿಂಗಳ ಕೊನೆ ಬಂತೆಂದರೆ ಪೇದೆ ತಿಪ್ಪೇರುದ್ರ ಬೈಕಿನಲ್ಲಿ ನಮ್ಮ ಹಟ್ಟಿಗೆ ಬಂದು, ಬಾರಣ್ಣ, ಒಂದು ಹೆಬ್ಬೆಟ್ಟು ಐತೆ ಎನ್ನುತ್ತಿದ್ದ. ನನ್ನ ಗಂಡ ಠಾಣೆಯ ಜಗುಲಿಯಲ್ಲಿ ಕೂತು, ಅವರು ಕೊಟ್ಟ ಬನ್ನು ತಿಂದು, ಚಹಾ ಕುಡಿದು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಸಂಜೆಗೆ ಮನೆಗೆ ಬರುತ್ತಿದ್ದ. ಯಾಕೆಂದು ಒಂದು ದಿನವೂ ಕೇಳಲಿಲ್ಲ. ಪೊಲೀಸರು ಹೆಸರು ಹಿಡಿದು ಕರೆಯುತ್ತಾರೆ, ನಾಳೆ ಕಷ್ಟಕ್ಕೆ ಆಗುತ್ತಾರೆ ಎಂದು ನಂಬಿದ್ದ. ಒಂದು ತಿಂಗಳು ತಿಪ್ಪೇರುದ್ರ ಬರುವುದು ತಡವಾದಾಗ ತಾನೇ ನಡೆದುಹೋಗಿ ಠಾಣೆ ಬಾಗಿಲಲ್ಲಿ ನಿಂತಿದ್ದ, ಪೆದ್ದ.

ಯಾವ ಕಳ್ಳತನ, ಯಾವ ಹೊಡೆದಾಟ ಎಂದು ನಾನು ಕೇಳಿದೆ. ಮಹಾಂತೇಶ ಕಂಪ್ಯೂಟರಿನಿಂದ ಕಣ್ಣೆತ್ತದೆ, ಮುಂಜಾಗ್ರತೆಗೆ ಹಿಡಿದದ್ದು ಎಂದ. ಮುಂದೆ ಗಲಾಟೆ ಮಾಡಿಯಾನು ಎಂಬ ಅನುಮಾನವಂತೆ. ಎಷ್ಟು ಜನರನ್ನು ಹಿಡಿದಿರಿ ಎಂದು ಪ್ರತಿ ತಿಂಗಳೂ ಮೇಲಿನವರು ಕೇಳುತ್ತಾರಂತೆ, ಕಡಿಮೆಯಾದರೆ ಸಾಹೇಬರಿಗೆ ಉಗಿಯುತ್ತಾರಂತೆ. ಆ ಪಟ್ಟಿಗಳಲ್ಲಿ ತಿಂಗಳಿಗೊಂದರಂತೆ ಏಳು ಎಂದಷ್ಟೇ ಇರುತ್ತದೆ. ಏಳೂ ಒಬ್ಬನೇ ಎಂದು ನೋಡುವವರು ಯಾರು?

“ಸಂಜೆಗೆ ಬಿಟ್ಟು ಕಳ್ಸಿದ್ದು ಬರ್ದೀರಾ ಸಾ?”

“ಬಿಟ್ಟಿದ್ದಕ್ಕೆ ಇಲ್ಲಿ ಜಾಗ ಇಲ್ಲ ಕಣಮ್ಮ.”

ಹೋದ ಬೇಸಿಗೆಯಲ್ಲಿ ನಾವು ಶೇಂಗಾ ಕೀಳಲು ಹೋಗುತ್ತಿದ್ದ ಹೊಲದ ಯಜಮಾನ ಜಯದೇವಪ್ಪ, ಹಟ್ಟಿಯವನು ತನ್ನ ನೀರಿನ ತೊಟ್ಟಿಗೆ ಕೊಡ ಅದ್ದಿದ ಎಂದು ಸಲಿಕೆಯ ಮರದ ಕಾವಿನಿಂದ ಗಾದ್ರಪ್ಪನ ಮೊಣಕೈ ಮುರಿದಿದ್ದ. ಅವತ್ತೂ ಇದೇ ಮೇಜಿನ ಮುಂದೆ ನಿಂತಿದ್ದೆವು. ದೂರು ಬರೆದುಕೊಂಡರೆ ಠಾಣೆಯಲ್ಲಿ ಅಪರಾಧ ಜಾಸ್ತಿಯಾದಂತೆ ಕಾಣುತ್ತದೆ, ಊರಲ್ಲೇ ರಾಜಿ ಮಾಡಿಕೊಳ್ಳಿ ಎಂದು ಇದೇ ಮಹಾಂತೇಶ ಕಳಿಸಿದ್ದ. ಅವತ್ತು ಲೆಕ್ಕ ಇಳಿಯಬೇಕಿತ್ತು, ತಿಂಗಳ ಕೊನೆಗೆ ಏರಬೇಕಿತ್ತು. ಎರಡಕ್ಕೂ ನನ್ನ ಗಂಡನೇ ಬೇಕಾಗಿದ್ದ.

“ಜಯದೇವಪ್ಪನ ಹೆಸ್ರು ಆ ಮಿಷಿನ್ನಾಗೆ ಎಷ್ಟು ಸಲ ಐತೆ ನೋಡ್ರಿ,” ಎಂದೆ.

“ಯಜಮಾನ್ರ ಸುದ್ದಿ ನಿಂಗ್ಯಾಕೆ? ನಡಿಯೇ ಆಚೆ, ಲೌಡಿ.”

ಶನಿವಾರ ಕಳೆದು ಕೆಲಸ ಬೇರೆಯವನ ಪಾಲಾಯಿತು. ಗಾದ್ರಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ. ತಪ್ಪು ತನ್ನದೇ, ಹೆಬ್ಬೆಟ್ಟು ಕೊಟ್ಟವನು ತಾನೇ ಎನ್ನುತ್ತಿದ್ದ. ಅದನ್ನು ಕೇಳಿ ಕೇಳಿ ಅವನಿಗೇ ಎರಡು ಬಿಗಿಯೋಣ ಅನ್ನಿಸುತ್ತಿತ್ತು.

ತಿಂಗಳ ಕೊನೆಗೆ ತಿಪ್ಪೇರುದ್ರ ಬಂದೇಬಿಟ್ಟ. ಬೈಕಿನಿಂದ ಇಳಿಯದೆ ಹಾರ್ನ್ ಒತ್ತಿದ.

“ಗಾದ್ರಪ್ಪಣ್ಣ, ಬಾ, ಬೇಗ ಮುಗ್ಸಾನ. ಇನ್ನೊಬ್ರು ಕಮ್ಮಿ ಬಿದ್ದವ್ರೆ.”

ನನ್ನ ಗಂಡ ಎದ್ದ. ಎದ್ದು ಟವೆಲ್ ಹುಡುಕತೊಡಗಿದ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅವನನ್ನು ಒಳಗೇ ಬಿಟ್ಟು ಹೊರಗಿನಿಂದ ಚಿಲಕ ಹಾಕಿದೆ. ಖಾರ ಅರೆಯುವ ಗುಂಡುಕಲ್ಲು ಅಂಗಳದಲ್ಲೇ ಇತ್ತು. ಎರಡೂ ಕೈಯಲ್ಲಿ ಎತ್ತಿ ಬೈಕಿನ ಹೆಡ್‌ಲೈಟಿಗೆ ಹಾಕಿದೆ. ಗಾಜು ತಿಪ್ಪೇರುದ್ರನ ಬೂಟಿನ ಮೇಲೆ ಉದುರಿತು.

“ಹುಚ್ಚು ಗಿಚ್ಚು ಹಿಡಿದೈತೇನೇ ರಂಡೆ?”

“ಒಬ್ರು ಕಮ್ಮಿ ಅಂದ್ಯಲ್ಲ. ನನ್ನ ಹೆಸ್ರು ಬರ್ಕ, ಸೂರಮ್ಮ ಅಂತ. ಏನು ಮಾಡಿದ್ಳು ಅಂತಾನೂ ಬರೀಬೇಕು, ಯಾಕೆ ಮಾಡಿದ್ಳು ಅಂತಾನೂ ಬರೀಬೇಕು. ಬರೆಯೋಗಂಟ ಠಾಣೆಯಿಂದ ನಾನು ಏಳಲ್ಲ.”

ಅವನು ಬೂಟು ಕೊಡವಿ ಗಾಜು ಉದುರಿಸಿದ. ಇದನ್ನು ಹೇಗೆ ಬರೆಯುವುದೆಂದು ಗೊಣಗಿದ. ಒಳಗಿನಿಂದ ಗಾದ್ರಪ್ಪ ಬಾಗಿಲು ಬಡಿಯುತ್ತಿದ್ದ. ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈಕಿನ ಹಿಂದೆ ಹತ್ತಿ ಕೂತೆ.

“ನಡಿ,” ಎಂದೆ.