ಕಪ್ಪೆಯ ಚರ್ಮದ ಒಕ್ಕಲು

ಎಸೆಯಲೆಂದು ಪಕ್ಕಕ್ಕಿಟ್ಟ ಗಾಜಿನ ತಟ್ಟೆಗಳಲ್ಲಿ ಒಂದರ ಮೇಲೆ, ನೇರಳೆ ಹಣ್ಣು ತಿಂದ ಮಗು ಬೆರಳೂರಿ ಹೋದ ಹಾಗೆ, ಒಂದು ಪುಟ್ಟ ಚುಕ್ಕೆ ಇತ್ತು. ತಟ್ಟೆಯ ಉಳಿದ ಭಾಗವನ್ನೆಲ್ಲ ಶಿಲೀಂಧ್ರ ತೆಳು ಮಂಜಿನಂತೆ ಆವರಿಸಿತ್ತು. ಆ ಚುಕ್ಕೆಯ ಸುತ್ತ ಮಾತ್ರ ಮಂಜು ಹಿಂದೆ ಸರಿದು ನಿಂತಿತ್ತು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

ಆಗ ನಾನು ಪದ್ಮಾಕ್ಷಿ ಮೇಡಂ ಅವರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮನೆಯಲ್ಲಿ ಒಂದು ಸಾವಾಗಿ, ಮಾತು ಬೇಡವಾಗಿದ್ದ ದಿನಗಳು. ಕಪ್ಪೆಗಳ ಜೊತೆ ಕೆಲಸ ಎಂದಾಗ, ಅವು ಏನನ್ನೂ ಕೇಳುವುದಿಲ್ಲವಲ್ಲ ಎಂದು ಒಪ್ಪಿಕೊಂಡಿದ್ದೆ.

ಕಾಲೇಜಿನ ಹಿಂದಿನ ಕಲ್ಲುಬಾವಿಯ ಕಪ್ಪೆಗಳು ಒಂದೊಂದಾಗಿ ಸಾಯುತ್ತಿದ್ದವು. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಅರ್ಧ ಉಸಿರಾಟವೂ ಚರ್ಮದಿಂದಲೇ. ಆ ಚರ್ಮಕ್ಕೇ ಶಿಲೀಂಧ್ರ ಹತ್ತಿತ್ತು. ಆ ಜಾತಿಯ ಕಪ್ಪೆ ಊರಿನಲ್ಲಿ ಬೇರೆಲ್ಲೂ ಉಳಿದಿರಲಿಲ್ಲ. ಬದುಕಿದ್ದ ಕೆಲವನ್ನು ಮೇಡಂ ತೊಟ್ಟಿಗಳಿಗೆ ತಂದಿಟ್ಟು, ಗುಣಪಡಿಸಿ ಬಾವಿಗೇ ಮರಳಿಸುವ ಹಟ ತೊಟ್ಟಿದ್ದರು. ಅವರ ಶಿಸ್ತು ಮಡಿಗಿಂತ ಕಟ್ಟುನಿಟ್ಟು. ಬಂದ ಕಪ್ಪೆಗೆ ಮೊದಲು ಕುದಿಸಿ ಆರಿಸಿದ ನೀರಿನಲ್ಲಿ ಮತ್ತೆ ಮತ್ತೆ ಸ್ನಾನ. ಆಮೇಲೆ ಹತ್ತಿಯಿಂದ ಮೈ ಒರೆಸಿ, ಆ ಹತ್ತಿಯನ್ನು ತಟ್ಟೆಗೆ ಸವರಿ ಏನು ಬೆಳೆಯುತ್ತದೆಂದು ನೋಡುವುದು. ಶಿಲೀಂಧ್ರವಲ್ಲದೆ ಬೇರೇನಾದರೂ ಬೆಳೆದರೆ ತಟ್ಟೆ ಕೆಟ್ಟಿತೆಂದು ಲೆಕ್ಕ, ಎಸೆಯಬೇಕು.

ಇಷ್ಟೆಲ್ಲ ಮಾಡಿದರೂ ಕಪ್ಪೆಗಳು ಸೊರಗುತ್ತಲೇ ಇದ್ದವು. ಮೈಬಣ್ಣ ಮಾಸಿತು. ಮುಟ್ಟಿದರೂ ನೆಗೆಯದೆ, ಕಾಲು ಚಾಚಿ ಬಿದ್ದುಕೊಳ್ಳತೊಡಗಿದವು.

ಜೊತೆಗಿದ್ದವಳು ಕಸ್ತೂರಿ ಹಾದಿಮನಿ. ಬಡಗಣ ಸೀಮೆಯವಳು, ಅವಳ ಬಾಯಿಗೆ ಬಿಡುವಿರಲಿಲ್ಲ. ನನ್ನನ್ನು ಅವಳು ಕರೆಯುತ್ತಿದ್ದುದೇ ‘ಮೌನೇಶ’ ಎಂದು. ಆ ಚುಕ್ಕೆಯ ತಟ್ಟೆ ಯಾವ ಕಪ್ಪೆಯದು ಎಂದು ನಾನು ಕೇಳಿದಾಗ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು.

“ಅಯ್ಯ, ಮೌನೇಶಪ್ಪ ಬಾಯಿ ಬಿಟ್ಟ. ಮಳಿ ಬರ್ತದ ಇವತ್ತು.”

ಆಮೇಲೆ ನೆನಪಿಸಿಕೊಂಡು ಹೇಳಿದಳು. ಅದು ಕೊನೆಗೆ ಸಿಕ್ಕ ದಪ್ಪ ಕಪ್ಪೆಯದು. ಬಾವಿಯಿಂದ ಅದನ್ನು ತಂದ ಹೊತ್ತಿಗೆ ಕುದಿಸಿದ ನೀರು ಮುಗಿದುಹೋಗಿತ್ತಂತೆ. ಹಾಗಾಗಿ ಸ್ನಾನವಿಲ್ಲದೆ ಹತ್ತಿ ಸವರಿ, ಮೂಲೆಯ ತೊಟ್ಟಿಗೆ ಬಿಟ್ಟು, ಮರೆತಿದ್ದಳು.

ನಾನು ಮೂಲೆಯ ತೊಟ್ಟಿಗೆ ಹೋಗಿ ನೋಡಿದೆ. ರೋಗ ಹಬ್ಬಿದ ಬಾವಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಇದ್ದದ್ದು ಅದೇ. ಮೈ ಮಿರುಗುತ್ತಿತ್ತು. ಬೆರಳು ತಾಗಿದ್ದೇ ತಡ, ಚಂಗನೆ ನೆಗೆದು ನನ್ನ ಮುಖಕ್ಕೆ ನೀರೆರಚಿತು.

ಮರುದಿನ ಬೆಳಿಗ್ಗೆ ಎಲ್ಲ ಕಪ್ಪೆಗಳಿಗೂ ಕಟುವಾದ ಔಷಧಿಯ ಸ್ನಾನ ಎಂದು ಮೇಡಂ ತೀರ್ಮಾನಿಸಿದ್ದರು. ಔಷಧಿ ಆಗಲೇ ಮೇಜಿನ ಮೇಲಿತ್ತು. ಸುಮ್ಮನಿರುವುದು ನನಗೆ ಸುಲಭವಾಗಿತ್ತು. ಆದರೂ ತಟ್ಟೆಯನ್ನು ಅವರ ಮುಂದಿಟ್ಟು, ತಡವರಿಸುತ್ತ ಹೇಳಿದೆ: ಈ ನೇರಳೆ ಬ್ಯಾಕ್ಟೀರಿಯಾ ಕಪ್ಪೆಯ ಮೈಮೇಲೆ ವಾಸವಿದ್ದು ಶಿಲೀಂಧ್ರವನ್ನು ತಡೆಯುತ್ತಿರಬಹುದು, ಕಪ್ಪೆ ಅದಕ್ಕೆ ನೆಲೆ ಕೊಟ್ಟಿದೆ, ಅದು ಕಪ್ಪೆಯನ್ನು ಕಾಯುತ್ತಿದೆ, ತೊಳೆದು ತೊಳೆದು ನಾವು ಕಾವಲನ್ನೇ ಕಳೆದೆವೇನೋ, ಔಷಧಿ ಉಳಿದದ್ದನ್ನೂ ಕೊಲ್ಲಬಹುದು.

ಮೇಡಂ ಕನ್ನಡಕ ತೆಗೆದು ಚುಕ್ಕೆಯನ್ನು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

“ಇದನ್ನ ಎಸೆಯೋಕೆ ಇಟ್ಟಿದ್ದು ಯಾರು?”

ಕಸ್ತೂರಿ ನನ್ನ ಕಡೆ ನೋಡಿದಳು.

“ಎಸೀರಿ ಅಂದಿದ್ದು ನಾನೇ ಅಲ್ವಾ,” ಎಂದರು ಅವರೇ. ಆಮೇಲೆ ಮೇಜಿನ ಮೇಲಿನ ಔಷಧಿಯನ್ನು ನೋಡುತ್ತ ಕೇಳಿದರು, “ಔಷಧಿ ಬೇಡ ಅಂತೀಯ. ನೀನು ಅಂದುಕೊಂಡಿದ್ದು ತಪ್ಪಾದ್ರೆ ಉಳಿದಿರೋವೂ ಹೋಗ್ತವೆ. ಗೊತ್ತು ತಾನೆ?”

“ಗೊತ್ತು, ಮೇಡಂ.”

“ಸರಿ. ಹೋದ್ರೆ ಆ ಹೊರೆ ನಂದು, ನಿಂದಲ್ಲ. ಹೋಗಿ ಕೆಲಸ ನೋಡು.”

ಇಷ್ಟು ವರ್ಷಗಳಾದ ಮೇಲೂ ನಾನು ಕೃತಜ್ಞನಾಗಿರುವುದು ಆ ಮಾತಿಗೆ. ಬಾಯೇ ಬಿಡದವನೊಬ್ಬನ ಮೊದಲ ಮಾತನ್ನು ನಂಬಿ, ತಮ್ಮ ಜೀವಮಾನದ ಶಿಸ್ತನ್ನು ಅವರು ಪಕ್ಕಕ್ಕಿಟ್ಟರು. ಜೊತೆಗೆ ನನ್ನ ಭಯವನ್ನೂ ತಾವೇ ಹೊತ್ತುಕೊಂಡರು.

ಚುಕ್ಕೆಯಿಂದ ಸೂಜಿಯ ಮೊನೆಯಷ್ಟು ತೆಗೆದು ಬೆಳೆಸಿದೆವು. ತಟ್ಟೆ ತುಂಬ ನೇರಳೆ ಹಬ್ಬಿತು. ಅದನ್ನು ನೀರಿನಲ್ಲಿ ಕದಡಿ ಕಪ್ಪೆಗಳನ್ನು ಅದರೊಳಗೆ ಕೂರಿಸಿದೆವು. ತೀರ ಸೊರಗಿದ್ದ ಎರಡು ಸತ್ತವು. ಮೇಡಂ ಅವೆರಡನ್ನೂ ಬಾವಿಕಟ್ಟೆಯ ಬಳಿ ತಾವೇ ಮಣ್ಣು ಮಾಡಿ ಬಂದು, ಕೈ ತೊಳೆದುಕೊಂಡು, ಉಳಿದವಕ್ಕೆ ನೀರು ಬದಲಿಸಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಕಸ್ತೂರಿ ನನ್ನ ತೋಳು ಹಿಡಿದು ತೊಟ್ಟಿಯ ಬಳಿಗೆ ಎಳೆದಳು. ಚಲನೆಯೇ ಇಲ್ಲದಿದ್ದ ಕಪ್ಪೆಯೊಂದು ಬೆನ್ನು ಬಾಗಿಸಿ, ಮುಂಗಾಲುಗಳಿಂದ ಹಳೆಯ ಚರ್ಮವನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿತ್ತು. ಮೇಡಂ ಬಂದು ನಮ್ಮ ನಡುವೆ ಬಗ್ಗಿ ನಿಂತರು. ಆರೋಗ್ಯವಿರುವ ಕಪ್ಪೆ ಹೀಗೆ ಪೊರೆ ಕಳಚಿ ತಾನೇ ತಿನ್ನುತ್ತದೆ. ಕಾಯಿಲೆ ಬಿದ್ದಂದಿನಿಂದ ಇವುಗಳಲ್ಲಿ ಒಂದಾದರೂ ಸರಿಯಾಗಿ ಪೊರೆ ಬಿಟ್ಟದ್ದನ್ನು ನಾವು ಕಂಡಿರಲಿಲ್ಲ.

“ಅಂಗೀನ ನುಂಗಾಕತ್ತೈತಲ್ರಿ ಮೇಡಂ,” ಎಂದಳು ಕಸ್ತೂರಿ, ಪಿಸುದನಿಯಲ್ಲಿ. “ಹಂಗಾರ ನಮ್ಮ ನೇರಳಿ ಒಕ್ಕಲದವರ ಗತಿ?”

“ಎಲ್ಲರೂ ಹೋಗಲ್ಲ ಕಣೇ. ಒಂದಷ್ಟು ಜನ ಚರ್ಮದ ಸಂದಿಯಲ್ಲೇ ಉಳ್ಕೊಂಡು, ಮತ್ತೆ ಹೊರಗೆ ಬಂದು ಮನೆ ಹೂಡ್ತಾರೆ.”

ಕಪ್ಪೆ ಕೊನೆಯ ತುಣುಕನ್ನು ಬಾಯಿಗೆ ತಳ್ಳಿತು. ನುಂಗುವಾಗ ಅದರ ಎರಡು ಕಣ್ಣುಗಳೂ ಒಳಕ್ಕೆ ಇಳಿದು ಮುಚ್ಚಿಕೊಂಡವು. ಮತ್ತೆ ಮೆಲ್ಲನೆ ಮೇಲೆದ್ದು, ತೆರೆದು, ಬಗ್ಗಿ ನಿಂತ ನಮ್ಮ ಮೂವರನ್ನೂ ತಮ್ಮೊಳಗೆ ಪುಟ್ಟದಾಗಿ ಹಿಡಿದುಕೊಂಡವು.